ಪಕ್ಕದ ಖೋಲಿಗೆ ಬಂದವರು

ಬಾಗಲಕೋಟೆಯ ಸ್ಟೇಷನ್ನಿನಿಂದ ಪೇಟೆಗೆ ಹೋಗುವ ದಾರಿಯಲ್ಲಿ ಒಂದು ಹಳೆಯ ಹೊಟೇಲಿತ್ತು. ಕೆಳಗೆ ಊಟ, ಮೇಲೆ ಇಳಿದುಕೊಳ್ಳಲು ಆರು ಖೋಲಿಗಳು. ಅದರಲ್ಲಿ ನಾನು ಒಂದು ವರ್ಷ ನಾಲ್ಕು ತಿಂಗಳು ಇದ್ದೆ. ಅಷ್ಟು ದಿನ ಅಲ್ಲಿ ಯಾರೂ ಇರುತ್ತಿರಲಿಲ್ಲ. ಹತ್ತಿ ಮಾರಲು ಬಂದವರು ಒಂದು ದಿನ, ಕೋರ್ಟಿನ ಕೆಲಸದವರು ಎರಡು ದಿನ, ಬನಶಂಕರಿಗೋ ಶಿವಯೋಗ ಮಂದಿರಕ್ಕೋ ಹೊರಟವರು ರೈಲು ತಪ್ಪಿಸಿಕೊಂಡರೆ ಒಂದು ಹೊತ್ತು. ನಾನು ಶಾಲೆಯ ಮಾಸ್ತರ, ಹೊಸದಾಗಿ ಆ ಊರಿಗೆ ವರ್ಗವಾಗಿ ಬಂದವನು. ಹೆಂಡತಿ ಹೆರಿಗೆಗೆಂದು ಹುನಗುಂದದ ತವರಿಗೆ ಹೋಗಿದ್ದಳು. ಅವಳು ಕೂಸಿನ ಜೊತೆ ಬರುವತನಕ ಹೊಟೇಲಿನಲ್ಲಿರುವುದು, ಆಮೇಲೆ ಮನೆ ಮಾಡುವುದು ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು.

ಅದು ಜ್ವರದ ವರ್ಷ. ದೂರದ ದೊಡ್ಡ ಯುದ್ಧ ಮುಗಿಯುತ್ತ ಬಂದಿದೆ ಎಂದು ಪತ್ರಿಕೆ ಓದುವವರು ಹೇಳುತ್ತಿದ್ದರು. ಉಳಿದವರ ಬಾಯಲ್ಲಿ ಜ್ವರದ ಮಾತೊಂದೇ. ಮರಾಠಿ ಸೀಮೆಯಿಂದ ಬಂದವರು ಅದನ್ನು ಮಾನಮೋಡಿ ಎನ್ನುತ್ತಿದ್ದರು, ಅಂದರೆ ಕುತ್ತಿಗೆ ಮುರಿಯುವ ಬೇನೆ. ನನಗೆ ಸುದ್ದಿ ಮುಟ್ಟಿ, ಗಾಡಿ ಹಿಡಿದು ಹುನಗುಂದ ಸೇರುವಷ್ಟರಲ್ಲಿ ತಾಯಿ ಕೂಸು ಇಬ್ಬರನ್ನೂ ಮಣ್ಣು ಮಾಡಿ ಒಂದು ದಿನವಾಗಿತ್ತು. ಮಾವ ನನ್ನನ್ನು ಹೊಲಕ್ಕೆ ಕರೆದೊಯ್ದು ಬದುವಿನ ಹತ್ತಿರ ಹಸಿಮಣ್ಣು ತೋರಿಸಿದರು.

"ಗಂಡ ಕೂಸ ಇತ್ರಿ," ಎಂದರು.

ನಾನು "ಹೌದಾ" ಎಂದೆ. ಬೇರೆ ಏನಾದರೂ ಹೇಳಬೇಕಿತ್ತು ಎನ್ನುವುದು ಮರಳಿ ಬರುವಾಗ ಗಾಡಿಯಲ್ಲಿ ಹೊಳೆಯಿತು. ಏನು ಹೇಳಬೇಕಿತ್ತು ಎನ್ನುವುದು ಹೊಳೆಯಲಿಲ್ಲ.

ಗಾಡಿಯವನು ಎತ್ತಿಗೆ ನೀರು ಕುಡಿಸಲು ಅಮೀನಗಡದಲ್ಲಿ ನಿಂತ. ನಾನು ಇಳಿದು ಹೋಗಿ ಕರದಂಟು ಕಟ್ಟಿಸಿಕೊಂಡು ಬಂದೆ. ಹೆಂಡತಿಗೆ ಇಷ್ಟವೆಂದು ಆ ದಾರಿಯಲ್ಲಿ ಹೋದಾಗಲೆಲ್ಲ ಕಟ್ಟಿಸುತ್ತಿದ್ದೆ. ಕಾಲುಗಳು ತಾವಾಗಿ ಅಂಗಡಿಗೆ ಹೋಗಿದ್ದವು. ಊರು ದಾಟಿದ ಮೇಲೆ ಪೊಟ್ಟಣ ತೊಡೆಯ ಮೇಲಿರುವುದನ್ನು ನೋಡಿದೆ. ಬಿಚ್ಚಿ ತಿನ್ನತೊಡಗಿದೆ. ಬಾಗಲಕೋಟೆ ಬರುವಷ್ಟರಲ್ಲಿ ಅದು ಮುಗಿದಿತ್ತು. ಬೆಲ್ಲದ ಸಿಹಿಯಾಗಲಿ ಕೊಬ್ಬರಿಯ ರುಚಿಯಾಗಲಿ ನಾಲಿಗೆಗೆ ತಾಗಿದ ನೆನಪಿಲ್ಲ.

ಹೊಟೇಲಿನ ಯಜಮಾನಿಯನ್ನು ಎಲ್ಲರೂ ಅಕ್ಕಾರು ಎನ್ನುತ್ತಿದ್ದರು. ಐವತ್ತು ದಾಟಿದ, ಮಕ್ಕಳಿಲ್ಲದ ಹೆಂಗಸು. ಗಂಡ ಲಕ್ವಾ ಹೊಡೆದು ಒಳಕೋಣೆಯಲ್ಲಿ ಮಲಗಿದ್ದ. ನಾನು ಒಳಗೆ ಬಂದಾಗ ಆಕೆ ನನ್ನ ಮುಖ ನೋಡಿ ಎಲ್ಲ ತಿಳಿದುಕೊಂಡಳು.

"ಉಣ್ತೀರೇನ್ರಿ ಮಾಸ್ತರ?" ಎಂದಳು.

"ಹೂಂ," ಎಂದೆ. ಕೂತು ಉಂಡೆ.

ಆಮೇಲೆ ನಾನು ಮನೆ ಹುಡುಕಲಿಲ್ಲ. ಮನೆಯೆಂದರೆ ಬೆಳಗ್ಗೆ ಎದ್ದು ಒಲೆ ಹೊತ್ತಿಸಬೇಕು, ಸಂಜೆ ಬಂದು ಬೀಗ ತೆಗೆಯಬೇಕು. ಹೊಟೇಲಿನಲ್ಲಿ ಏನೂ ಮಾಡದೆ ಇರಬಹುದಿತ್ತು. ಶಾಲೆಯವರು ನನ್ನನ್ನು ಗಟ್ಟಿ ಮನುಷ್ಯ ಎಂದುಕೊಂಡರು. ನಾನೂ ಹಾಗೆಯೇ ಇರಬಹುದು ಎಂದುಕೊಂಡೆ.

ಆ ಕಟ್ಟಡದ ಬಗ್ಗೆ ಹೇಳಬೇಕು. ರೈಲು ಬಂದ ಕಾಲಕ್ಕೆ ಅಕ್ಕಾರ ಮಾವ ಅದನ್ನು ಕಟ್ಟಿಸಿದ್ದರಂತೆ. ಆಗ ಸ್ಟೇಷನ್ನಿನಲ್ಲಿ ಇಳಿದವರೆಲ್ಲ ನೇರ ಅಲ್ಲಿಗೇ ಬರುತ್ತಿದ್ದರಂತೆ. ನನ್ನ ಕಾಲಕ್ಕೆ ಪೇಟೆಯಲ್ಲಿ ಇನ್ನೊಂದು ಹೊಟೇಲಾಗಿ, ಅಲ್ಲಿ ಕುರ್ಚಿಯ ಮೇಲೆ ಕೂರಿಸಿ ಕಪ್ಪು-ಬಶಿಯಲ್ಲಿ ಚಹಾ ಕೊಡುತ್ತಿದ್ದರು. ನಮ್ಮಲ್ಲಿ ಮಾಳಿಗೆಗೆ ಹೊದಿಸಿದ ಮೇಲ್ಮುದ್ದೆಯ ಮಣ್ಣು ಕುಸಿದು ಎರಡು ಖೋಲಿಗಳಿಗೆ ಬೀಗ ಬಿದ್ದಿತ್ತು. ರಸ್ತೆಯ ಕಡೆಗೆ ಚಾಚಿದ್ದ, ಜನ ನಿಲ್ಲುವ ಕಟ್ಟಿಗೆಯ ಸಜ್ಜವನ್ನು ಗೆದ್ದಲು ತಿಂದಿತ್ತು. ಮಲಗುವ ಹೊರಸುಗಳಲ್ಲಿ ತಗಣಿ. ಬಂದವರು ಬೆಳಗ್ಗೆ ಮೈ ಕೆರೆದುಕೊಳ್ಳುತ್ತ ಇಳಿದು ಬಂದು ಅಕ್ಕಾರನ್ನು ಬೈಯುತ್ತಿದ್ದರು. ಮುಧೋಳದ ಕಡೆಯ ಒಬ್ಬ ಕಕ್ಷಿದಾರನ ಕಾಲು ಸಜ್ಜದ ಹಲಗೆಯೊಳಗೆ ಮೊಳಕಾಲಿನವರೆಗೆ ಇಳಿದಿತ್ತು. ಅವನನ್ನು ಎತ್ತಿದ್ದು ನಾನೇ. ಅವನು ಕೂಗಾಡುತ್ತಿದ್ದ; ಅಕ್ಕಾರು ಅರಿಶಿನ ಹಚ್ಚುತ್ತಿದ್ದಳು; ನಾನು ಆ ತೂತಿನಿಂದ ಕೆಳಗೆ ಕಾಣುತ್ತಿದ್ದ ರಸ್ತೆಯನ್ನು ನೋಡುತ್ತ ನಿಂತಿದ್ದೆ.

ಹೆಂಡತಿ ಹೋಗಿ ಎರಡು ತಿಂಗಳಾಗಿರಬೇಕು. ಜ್ವರ ಮತ್ತೆ ಎದ್ದಿತೆಂದು ಶಾಲೆಗೆ ಸೂಟಿ ಕೊಟ್ಟಿದ್ದರು. ಹಗಲೆಲ್ಲ ಖೋಲಿಯಲ್ಲೇ ಇರುತ್ತಿದ್ದೆ. ಒಂದು ಮಧ್ಯಾಹ್ನ ಬಾದಾಮಿಯ ಕಡೆಯ ರೈಲಿನಿಂದ ಇಳಿದು ತಂದೆ ಮಗಳು ಇಬ್ಬರು ಬಂದರು. ತಂದೆಗೆ ಅರವತ್ತರ ಸುಮಾರು. ಚೊಳಚಗುಡ್ಡದಲ್ಲಿ ಎಲೆತೋಟ ಇದ್ದವರು. ಬರುವಾಗಲೇ ಅಕ್ಕಾರಿಗೆಂದು ಒಂದು ಕಟ್ಟು ವೀಳ್ಯದೆಲೆ ತಂದಿದ್ದರು. ಮಗಳಿಗೆ ಇಪ್ಪತ್ತೆರಡೋ ಮೂರೋ. ಎತ್ತರದ ಹೆಂಗಸು. ಕೈಯಲ್ಲಿ ಬಳೆ ಇರಲಿಲ್ಲ. ಅವರಿಗೆ ನನ್ನ ಪಕ್ಕದ ಖೋಲಿ ಸಿಕ್ಕಿತು.

ಅವರು ಬಂದ ಕಾರಣ ಮರುದಿನ ಅಕ್ಕಾರಿಂದ ತಿಳಿಯಿತು. ಮಗಳು ಹದಿನಾರಕ್ಕೇ ಗಂಡನನ್ನು ಕಳೆದುಕೊಂಡವಳು. ಈಗ ಉಡಿಕೆ ಮಾಡಿಕೊಡುವುದೆಂದು ತಂದೆ ಒಪ್ಪಿದ್ದರು. ಗಂಡ ತೀರಿದವಳಿಗೆ ಗದ್ದಲವಿಲ್ಲದೆ ಮಾಡುವ ಮದುವೆಗೆ ನಮ್ಮ ಕಡೆ ಉಡಿಕೆ ಎನ್ನುತ್ತಾರೆ. ನಮ್ಮ ಜನರಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ಆದರೆ ತಂದೆಯ ಅಣ್ಣ ತನ್ನ ಹೊಸಿಲೊಳಗೆ ಅದು ಆಗಕೂಡದೆಂದು ಹಟ ಹಿಡಿದಿದ್ದರು. ವರ ಬಿಜಾಪುರದ ಕಡೆಯ ಕಾಳಿನ ವ್ಯಾಪಾರಿ, ಹೆಂಡತಿ ಸತ್ತವನು. ಅವನು ಇಬ್ಬರು ಹಿರಿಯರ ಜೊತೆ ರೈಲಿಗೆ ಬರುವುದು, ಹೊಟೇಲಿನ ಪಡಸಾಲೆಯಲ್ಲಿಯೇ ಸೀರೆ ಉಡಿಸಿ ಕರೆದುಕೊಂಡು ಹೋಗುವುದು, ಹೀಗೆ ಮಾತಾಗಿತ್ತು.

ವರ ಬರಲಿಲ್ಲ. ಬಿಜಾಪುರದ ಕಡೆಯ ರೈಲು ಬರುವ ಹೊತ್ತಿಗೆ ತಂದೆ ರುಮಾಲು ಸುತ್ತಿಕೊಂಡು ಸ್ಟೇಷನ್ನಿಗೆ ಹೋಗುತ್ತಿದ್ದರು. ಒಬ್ಬರೇ ಮರಳುತ್ತಿದ್ದರು. ನಮ್ಮ ಖೋಲಿಗಳ ನಡುವಿನ ಗೋಡೆ ತೆಳ್ಳಗಿತ್ತು.

"ನಾಳಿಗಿ ಬರ್ತಾರವಾ. ಜ್ವರದ ಸಂಬಂಧ ರೈಲಿಗೆ ಜನಾನ ಇಲ್ಲ," ಎನ್ನುತ್ತಿದ್ದರು ತಂದೆ.

"ಹೂಂನಪಾ."

"ನಿನಗ ಸಿಟ್ಟ ಬಂದೈತೇನು?"

"ಇಲ್ಲಪಾ. ನೀ ಉಣ್ಣು ನಡಿ."

ಮೂರನೆಯ ದಿನ ಅಡಿಗೆಯಾಕೆ ಜ್ವರ ಬಂದು ಮಲಗಿದಳು. ಅಕ್ಕಾರು ಒಬ್ಬಳೇ ಒಲೆಯ ಮುಂದೆ ಕೂತದ್ದನ್ನು ನೋಡಿ ಆ ಮಗಳು ಕೆಳಗಿಳಿದು ಹೋಗಿ, ಹೇಳಿಸಿಕೊಳ್ಳದೆ ರೊಟ್ಟಿ ಬಡಿಯತೊಡಗಿದಳಂತೆ. ನಾನು ಇದನ್ನು ಗಮನಿಸಿರಲಿಲ್ಲ. ರೊಟ್ಟಿ ತೆಳ್ಳಗಾಗಿವೆ ಎಂದು ಊಟಕ್ಕೆ ಕೂತ ಹತ್ತಿಯ ವ್ಯಾಪಾರಿಯೊಬ್ಬ ಹೊಗಳಿದಾಗ ನನ್ನ ತಾಟಿನ ಕಡೆ ನೋಡಿದೆ. ಹೌದು, ತೆಳ್ಳಗಿದ್ದವು.

ಆರನೆಯ ದಿನ ಬೆಳಗ್ಗೆ ಒಬ್ಬ ಮನುಷ್ಯ ಬಂದು ಹೊಟೇಲಿನ ಕಟ್ಟೆಯ ಮೇಲೆ ಕೂತ. ಒಳಗೆ ಕರೆದರೂ ಬರಲಿಲ್ಲ. ಬಗಲಲ್ಲಿ ಬಟ್ಟೆಯ ಗಂಟು. ತಂದೆ ಸಜ್ಜದಿಂದ ಅವನನ್ನು ನೋಡಿ ಇಳಿದು ಹೋದರು. ನಾನೂ ಯಾಕೋ ಅವರ ಹಿಂದೆಯೇ ಇಳಿದೆ. ಬಂದವನು ವರನ ತಮ್ಮ.

"ಅಣ್ಣ ಬರಾಂಗಿಲ್ರಿ," ಎಂದ. "ಸೋಮವಾರ ಹ್ವಾದ. ಮೂರ ದಿನ ಜ್ವರ ಬಂದಿತ್ತು. ಕಾಗದ ಬರೀಬೇಕಂದ್ರ ಬರ್ಯಾವ್ರು ಯಾರೂ ಎದ್ದಿರಲಿಲ್ಲ. ನಾನ ಬಂದೆ."

ಅವನು ಗಂಟು ಬಿಚ್ಚಿದ. ಒಳಗೆ ಒಂದು ಸೀರೆ.

"ಇಳಕಲ್ಲ ಸೀರಿ. ಆಕಿಗಂತನ ತಂದಿಟ್ಟಿದ್ದ. ನಮ್ಮ ಮನ್ಯಾಗ ಈಗ ಇದನ್ನ ಉಡಾವ್ರು ಯಾರೂ ಇಲ್ಲ. ಆಕಿಗೇ ಸೇರಬೇಕಾದ್ದು ಅಂತ ತಂದೆ."

ತಂದೆಯ ಕೈ ಮುಂದೆ ಬರಲಿಲ್ಲ. ಅವನು ಚಾಚಿದ ಸೀರೆ ಹಾಗೇ ಇತ್ತು. ಕೊನೆಗೆ ನಾನು ಇಸಿದುಕೊಂಡೆ. ನಾನು ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿದವನು. ಸೀರೆ ಕೈಗೆ ಬಂದರೆ ಸೆರಗು ಒಡಲಿಗೆ ಕೂಡಿದ ಜಾಗ ನೋಡುವುದು ನಮ್ಮಲ್ಲಿ ರೂಢಿ. ಅಲ್ಲಿ ಒಡಲಿನ ಎಳೆಯನ್ನು ಸೆರಗಿನ ಎಳೆಯೊಳಗೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಬೆರಳಾಡಿಸಿ ನೋಡಿದೆ.

"ಸೆರಗ ಚೊಲೋ ಕೂಡಿಸ್ಯಾರ," ಎಂದೆ.

ಇಬ್ಬರೂ ನನ್ನನ್ನು ನೋಡಿದರು. ಆ ನೋಟ ನನಗೆ ಈಗಲೂ ನೆನಪಿದೆ. ನಾಚಿಕೆ ಆಗ ಆಗಲಿಲ್ಲ, ವರ್ಷಗಳಾದ ಮೇಲೆ ಆಗುತ್ತಿದೆ.

"ಉಂಡು ಹೋಗ್ರಿ," ಎಂದರು ತಂದೆ ಅವನಿಗೆ, ಸೀರೆಯನ್ನು ನನ್ನ ಕೈಯಿಂದ ತೆಗೆದುಕೊಂಡು. ದೂರದಿಂದ ಬಂದಿದ್ದ. ಇಲ್ಲವೆನ್ನಲಿಲ್ಲ. ಅವನು, ನಾನು, ಇನ್ನಿಬ್ಬರು ಒಂದೇ ಸಾಲಿನಲ್ಲಿ ಕೂತೆವು. ಅಡಿಗೆಮನೆಯ ಕಿಟಕಿ ಕಟ್ಟೆಯ ಮೇಲೇ ಇತ್ತು, ಆದ್ದರಿಂದ ಮಗಳು ಎಲ್ಲ ಕೇಳಿಸಿಕೊಂಡಿದ್ದಳು. ಬಡಿಸಿದವಳು ಅವಳೇ. ಅವನ ತಾಟಿಗೆ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಹಾಕಿದಳು. ಅವನು ತಲೆ ಎತ್ತಲಿಲ್ಲ. "ಇನ್ನೊಂದ ಹಾಕಲೇನ್ರಿ?" ಎಂದು ಕೇಳಿದಳು. ಅವನು ತಾಟಿನ ಮೇಲೆ ಕೈ ಅಡ್ಡ ಹಿಡಿದು ಅತ್ತ. ಉಳಿದವರು ಎದ್ದು ಕೈ ತೊಳೆಯಲು ಹೋದರು. ನಾನು ನನ್ನ ಪಾಲಿನದು ಮುಗಿಸಿದೆ.

ಅವನು ಹೋದ ಮೇಲೆಯೂ ತಂದೆ ಮಗಳು ಊರಿಗೆ ಹೊರಡಲಿಲ್ಲ. ಒಮ್ಮೆ ಗಂಡ ಹೋದ, ಎರಡನೆಯವನು ಸೀರೆ ಉಡಿಸುವ ಮೊದಲೇ ಹೋದ. ಊರಲ್ಲಿ, ಅದಕ್ಕಿಂತ ಮೊದಲು ಮನೆಯಲ್ಲಿ, ಏನು ಹೇಳುತ್ತಾರೆಂದು ತಂದೆಗೆ ಗೊತ್ತಿತ್ತು. ಎರಡು ದಿನ ಆ ಮುದುಕರು ಪಡಸಾಲೆಯಲ್ಲಿ ಕೂತೇ ಇದ್ದರು. ಮೂರನೆಯ ದಿನ ಮಧ್ಯಾಹ್ನ ನನ್ನ ಖೋಲಿಯ ಬಾಗಿಲಲ್ಲಿ ನಿಂತರು.

"ಒಳಗ ಬರಲೇನ್ರಿ ಮಾಸ್ತರ?"

ಹೊರಸಿನ ಮೇಲೆ ಕೂರಿಸಿದೆ.

"ನಿಮ್ಮ ಸುದ್ದಿ ಅಕ್ಕಾರು ಹೇಳ್ಯಾರ. ನೀವೂ ನಮ್ಮಾವ್ರು. ಸಾಲಿ ಕಲಿಸಾವ್ರು. ನನ್ನ ಮಗಳನ್ನ ಎಂಟ ದಿನ ಕಣ್ಣಾರೆ ನೋಡೀರಿ. ನಾ ಇದನ್ನ ಹಿಂಗ ಕೇಳಬಾರದು. ಖರೆ, ನನಗ ಬ್ಯಾರೆ ದಾರಿ ಕಾಣವಲ್ದು."

"ಹೂಂ," ಎಂದೆ.

"ಹೂಂ ಅಂದ್ರ? ಮಾಡ್ಕೊಂತೀರೇನ್ರಿ?"

"ಹೂಂ."

ಮುದುಕರು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಅಂಗೈ ಒರಟಾಗಿತ್ತು, ಬಿಸಿಯಾಗಿತ್ತು. ಜ್ವರ ಇರಬಹುದೇ ಎಂದು ನಾನು ಯೋಚಿಸುತ್ತಿದ್ದೆ. ಅವರು ಹೋದ ಮೇಲೆ ಹೊರಸಿನ ಮೇಲೆ ಅಡ್ಡಾಗಿ ತೊಲೆಗಳನ್ನು ಎಣಿಸಿದೆ. ನನ್ನ ಬದುಕಿನಲ್ಲಿ ದೊಡ್ಡದೊಂದು ನಡೆಯಿತೆಂಬ ಅರಿವು ಇತ್ತು. ಇನ್ನಾರಿಗೋ ನಡೆದ ಸಂಗತಿಯನ್ನು ಕೇಳಿದ ಹಾಗೆ ಇತ್ತು.

ಮರುದಿನ ಬೆಳಗ್ಗೆ ನಾನು ಸಜ್ಜದ ಗಟ್ಟಿ ಇದ್ದ ಕಡೆ ಕೂತಿದ್ದೆ. ಅವಳು ಒಗೆದ ಬಟ್ಟೆ ಹಾಕಲು ಬಂದವಳು ಬಟ್ಟೆಯನ್ನು ಸಜ್ಜದ ಅಂಚಿನ ಕಟಾಂಜನದ ಮೇಲಿಟ್ಟು ನನ್ನ ಎದುರು ನಿಂತಳು. ಅವಳು ನನ್ನ ಜೊತೆ ಊಟದ ಮಾತು ಬಿಟ್ಟು ಬೇರೆ ಮಾತಾಡಿದ್ದು ಅದೇ ಮೊದಲು.

"ನಮ್ಮಪ್ಪ ಕೇಳಿದ್ದಕ್ಕ ನೀವು ಹೂಂ ಅಂದ್ರಂತ."

"ಅಂದೆ."

"ಯಾಕಂದ್ರಿ?"

ನಾನು ಯೋಚಿಸಿದೆ. "ಅವರು ಕೇಳಿದ್ರು," ಎಂದೆ.

"ಯಾರ ಏನ ಕೇಳಿದ್ರೂ ನೀವು ಹೂಂ ಅಂತೀರಿ. ನಾ ನೋಡೇನಿ. ಮೊನ್ನೆ ಸಾರಿಗಿ ಉಪ್ಪ ಹಾಕೂದ ಮರ್ತಿದ್ದೆ. ಎಲ್ಲಾರೂ ಬೈದ್ರು. ಚೊಲೋ ಆಗೇತೇನ್ರಿ ಅಂತ ನಿಮಗ ಕೇಳಿದ್ರ, ಹೂಂ ಅಂದ್ರಿ. ಎರಡ ಸಲ ಹಾಕಿಸ್ಕೊಂಡ್ರಿ."

"ನನಗ ತಿಳೀಲಿಲ್ಲ."

"ಅದನ್ನ ನಾ ಹೇಳಾಕತ್ತೀನಿ."

ಕೆಳಗೆ ರಸ್ತೆಯಲ್ಲಿ ಹತ್ತಿಯ ಗಾಡಿಗಳು ಸಾಲಾಗಿ ಹೋಗುತ್ತಿದ್ದವು. ಅವು ದಾಟುವತನಕ ಅವಳು ಒದ್ದೆ ಬಟ್ಟೆಯನ್ನು ಇನ್ನೊಮ್ಮೆ ಹಿಂಡಿದಳು.

"ಸಿಟ್ಟಾಗಬ್ಯಾಡ್ರಿ," ಎಂದಳು. "ನಾ ಮೊದಲ ಒಂದು ಮನಿ ನಡಿಸಿ ಬಂದಾಕಿ. ನನ್ನ ಗಂಡ ಕೆಟ್ಟಾಂವ ಅಲ್ಲ. ಬಡೀತಿದ್ದಿಲ್ಲ, ಬೈತಿದ್ದಿಲ್ಲ. ಮಾತೂ ಆಡ್ತಿದ್ದಿಲ್ಲ. ನಾ ಮನ್ಯಾಗ ಅದೇನಿ ಅನ್ನೂದ ಅವಗ ನೆನಪ ಇರತಿದ್ದಿಲ್ಲ. ಎರಡ ವರ್ಷ ಹಂಗ ಇದ್ದೆ. ಅವ ಹ್ವಾದಾಗ ಅಳಾಕ ಏನ ನೆನಸಬೇಕು ಅಂತ ತಿಳೀಲಿಲ್ಲ. ಮತ್ತ ಅಂಥಾ ಮನಿಗಿ ಹೋಗೂದು ನನ್ನ ಕೈಲೆ ಆಗೂದಿಲ್ರಿ."

ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

"ಬ್ಯಾಡ ಅಂದಾಕಿ ನಾ ಅಂತ ಅಪ್ಪಗ ನಾನ ಹೇಳ್ತೇನಿ. ನಿಮ್ಮ ಮ್ಯಾಲೆ ಏನೂ ಬರೂದಿಲ್ಲ. ನಿಮಗ ಬ್ಯಾಸರ ಇಲ್ಲಲ್ಲಾ?"

"ಇಲ್ಲ."

ನಿಜಕ್ಕೂ ಇರಲಿಲ್ಲ. ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಕನಿಕರವೋ ಬೇಸರವೋ ಹೇಳಲಾರೆ. ಆಮೇಲೆ ಬಟ್ಟೆ ಜಾಡಿಸಿ ಹರವಿ ಕೆಳಗೆ ಹೋದಳು.

ತಂದೆಗೂ ಮಗಳಿಗೂ ಅಂದು ಅಡಿಗೆಮನೆಯಲ್ಲಿ ದೊಡ್ಡ ಮಾತಾಯಿತು. ಅದು ನನಗೆ ಮೇಲಿನವರೆಗೆ ಕೇಳಿಸುತ್ತಿತ್ತು. ಮುದುಕರ ದನಿ ಮೊದಲು ಏರಿತು, ಆಮೇಲೆ ಒಡೆಯಿತು. "ಹಂಗಾರ ಎಲ್ಲಿ ಇರ್ತಿ? ನಿಮ್ಮ ದೊಡ್ಡಪ್ಪನ ಬಾಯಾಗ ದಿನಾ ಬೀಳಾಕ ಬರ್ತೀಯೇನು?" ಎಂದರು.

"ಇಲ್ಲೇ ಇರ್ತೇನಿ," ಎಂದಳು. "ಇಲ್ಲಿ ಅಡಿಗಿ ಮಾಡ್ಕೊಂಡ ಇರ್ತೇನಿ. ಅಕ್ಕಾರ, ಇಟ್ಕೊಂತೀರೇನ್ರಿ?"

ಅಕ್ಕಾರ ದನಿ ಕೇಳಿಸಿತು. "ಇರಲಿ ಬಿಡ್ರಿ ಗೌಡ್ರ. ಅಡಿಗ್ಯಾಕಿ ಮತ್ತ ಏಳ್ತಾಳಂತ ನನಗ ನಂಬಿಗಿಲ್ಲ. ನನ್ನ ಮಗ್ಗಲಿಗೇ ಮಲಗತಾಳ. ಯಾರಾರ ಒಂದ ಮಾತ ಅಂದ್ರ ನಾ ಅದೇನಿ."

ಮರುದಿನ ನಾನು ಮುದುಕರ ಗಂಟು ಹೊತ್ತುಕೊಂಡು ಸ್ಟೇಷನ್ನಿನವರೆಗೆ ಹೋದೆ. ಬೇರೆ ಯಾರೂ ಇರಲಿಲ್ಲ ಹೊರಲು. ಡಬ್ಬಿ ಹತ್ತಿದ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, "ನೀವರ ಆಕಿಗೆ ಒಂದ ಮಾತ ಜೋರ ಹಚ್ಚಿ ಹೇಳಬೇಕಿತ್ರಿ ಮಾಸ್ತರ," ಎಂದರು. ಏನು ಎಂದು ನಾನು ಕೇಳುವಷ್ಟರಲ್ಲಿ ಗಾಡಿ ಹೊರಟಿತು.

ಶಾಲೆ ಮತ್ತೆ ತೆರೆಯಿತು. ನಾನು ಹೋಗುತ್ತಿದ್ದೆ, ಬರುತ್ತಿದ್ದೆ. ಊಟಕ್ಕೆ ಕೂತಾಗ ಅವಳು ಬಡಿಸುತ್ತಿದ್ದಳು. ಅವಳಿಗೂ ನನಗೂ ನಡುವೆ ಇರಿಸುಮುರಿಸು ಇರಲಿಲ್ಲ. ಸಾರು ಹೇಗಿದೆ ಎಂದು ಮಾತ್ರ ಅವಳು ನನ್ನನ್ನು ಮತ್ತೆ ಕೇಳಲಿಲ್ಲ.

ಹೊಟೇಲು ಸಾವಕಾಶವಾಗಿ ಬದಲಾಯಿತು. ಅವಳು ಹೊರಸುಗಳನ್ನೆಲ್ಲ ಅಂಗಳಕ್ಕೆ ಇಳಿಸಿ ಕುದಿಯುವ ನೀರು ಹೊಯ್ದಳು. ಗೋಡೆಗೆ ಸುಣ್ಣ ಬಳಿದಳು. ಸಜ್ಜವನ್ನು ಕೀಳಿಸಿ ಅದರ ಕಟ್ಟಿಗೆಯಲ್ಲಿ ಇಡೀ ಚಳಿಗಾಲ ನೀರು ಕಾಯಿಸಿದಳು. ಇಳಕಲ್ಲಿನಿಂದ ಬಣ್ಣದ ನೂಲು ತರುತ್ತಿದ್ದ ವಯಸ್ಸಾದ ಸಾಬರೊಬ್ಬರು ಹಿತ್ತಲಲ್ಲಿ ತಮ್ಮ ಅಡಿಗೆ ತಾವೇ ಮಾಡಿಕೊಳ್ಳುತ್ತಿದ್ದರು. ಅವರಿಗೆ ಹಿತ್ತಲಲ್ಲಿ ಒಂದು ಸಣ್ಣ ತಗಡಿನ ಮಾಡು ಹಾಕಿಸಿಕೊಟ್ಟಳು. ಪೇಟೆಯ ಹೊಟೇಲಿಗೆ ಹೋಗಿದ್ದ ಕೆಲವರು ರೊಟ್ಟಿಗಾಗಿ ಮರಳಿ ಬಂದರು. ಅವಳ ತಂದೆ ಅಮಾವಾಸ್ಯೆಗೊಮ್ಮೆ ಎಲೆಯ ಕಟ್ಟು ಹೊತ್ತು ಬರುತ್ತಿದ್ದರು, ಊಟ ಮಾಡಿ ಮುಂದಿನ ಗಾಡಿಗೆ ಹೋಗುತ್ತಿದ್ದರು. ನನ್ನನ್ನು ನೋಡಿದರೆ ಕೈ ಮುಗಿಯುತ್ತಿದ್ದರು.

ಮುಂದಿನ ಮಳೆಗಾಲದ ಒಂದು ಸಂಗತಿ. ಭಾನುವಾರ ಬೆಳಗ್ಗೆ. ಹುಡುಗರ ಉತ್ತರ ಪತ್ರಿಕೆಗಳನ್ನು ನೆಲದ ಮೇಲೆ ಹರವಿಕೊಂಡು ತಿದ್ದುತ್ತಿದ್ದೆ. ಮೇಲ್ಮುದ್ದೆ ಸೋರಿ ಕೆಂಪು ನೀರಿನ ಧಾರೆ ನೇರ ಆ ಕಾಗದಗಳ ಮೇಲೆ ಬಿತ್ತು. ನಾನು ಎದ್ದವನೇ ಮೆಟ್ಟಿಲಿಗೆ ಬಂದು ಕೂಗಿದೆ.

"ಅಕ್ಕಾರ! ಏನ್ರಿ ಇದು? ಮನಷ್ಯಾರ ಇರೂ ಜಾಗಾ ಏನ್ರಿ ಇದು? ಒಂದ ವರ್ಷಾತು ಹೇಳಾಕತ್ತು!"

ವಾಸ್ತವದಲ್ಲಿ ನಾನು ಒಮ್ಮೆಯೂ ಹೇಳಿರಲಿಲ್ಲ. ಅಕ್ಕಾರು ಗಾಬರಿಯಾಗಿ ಹೊರಗೆ ಬಂದಳು. ಅವಳ ಹಿಂದೆ ಹಿಟ್ಟಿನ ಕೈಯಲ್ಲಿ ಚೊಳಚಗುಡ್ಡದ ಆ ಹೆಂಗಸೂ ಬಂದು ಮೇಲೆ ನೋಡಿದಳು. ನನ್ನ ಕಿವಿ ಬಿಸಿಯಾಗಿತ್ತು.

"ಅಕ್ಕಾರ, ಮಾಸ್ತರಿಗೆ ಸಿಟ್ಟ ಬಂತ ನೋಡ್ರಿ," ಎಂದು ಅವಳು ನಕ್ಕಳು. ಮನಸಾರೆ ನಕ್ಕಳು. ಬೋಗುಣಿ ತಂದು ಸೋರುವಲ್ಲಿ ಇಟ್ಟು, ಒದ್ದೆ ಕಾಗದಗಳನ್ನು ಒಲೆಯ ಮುಂದೆ ಒಣಗಿಸಿ ತಂದುಕೊಟ್ಟಳು. ನಾನು ಆ ದಿನ ಬಾಗಿಲು ಹಾಕಿಕೊಂಡು ಹುನಗುಂದದ ಹೊಲದ ಮಣ್ಣನ್ನು ನೆನಸಿದೆ. ಕೂಸಿನ ಮುಖ ಹೇಗಿತ್ತೆಂದು ಮಾವನನ್ನು ಕೇಳಲಿಲ್ಲವಲ್ಲ ಎನಿಸಿತು. ಅಳು ಬಂತೆಂದರೆ ಸುಳ್ಳಾಗುತ್ತದೆ. ಎದೆಯಲ್ಲಿ ನೋವಿತ್ತು, ಅಷ್ಟೇ. ಮೊದಲು ಅದೂ ಇರಲಿಲ್ಲ.

ಮುಂದಿನ ವಾರವೇ ಹುನಗುಂದಕ್ಕೆ ಹೋಗಿ ಮಾವನನ್ನು ಆ ಪ್ರಶ್ನೆ ಕೇಳಿದೆ. "ತಾಯಿ ಹಂಗ ಇತ್ರಿ. ಹಣಿ ನಿಮ್ಮದು," ಎಂದರು.

ವರ್ಷದ ಕೊನೆಗೆ ನನಗೆ ಬಾದಾಮಿಗೆ ವರ್ಗವಾಯಿತು. ಅಲ್ಲಿ ಮನೆ ಮಾಡಿದೆ. ನಾಲ್ಕನೆಯ ವರ್ಷ ಇಳಕಲ್ಲಿನಲ್ಲಿ ನನ್ನ ತಾಯಿ ನೋಡಿದ ಹೆಣ್ಣನ್ನು ಮದುವೆಯಾದೆ. ಹೂಂ ಅನ್ನುವ ಮೊದಲು ಎಂಟು ದಿನ ಸಮಯ ಕೇಳಿದ್ದಕ್ಕೆ ತಾಯಿ ಸಿಟ್ಟಾಗಿದ್ದಳು.

ಪರೀಕ್ಷೆಯ ಕೆಲಸಕ್ಕೆ ಬಾಗಲಕೋಟೆಗೆ ಹೋದಾಗಲೆಲ್ಲ ಅಲ್ಲಿಯೇ ಇಳಿಯುತ್ತಿದ್ದೆ. ಅಕ್ಕಾರ ಗಂಡ ಹೋದ, ಕೆಲ ವರ್ಷಕ್ಕೆ ಅಕ್ಕಾರೂ ಹೋದಳು. ಅಕ್ಕಾರ ಗಂಡನ ಅಣ್ಣನ ಮಗ ಬಂದು ಕಟ್ಟಡವನ್ನು ಮೇಲೆ ಕೆಳಗೆ ನೋಡಿ, ಈ ಮಣ್ಣಿನ ಗುಡ್ಡೆ ತನಗೆ ಬೇಡವೆಂದು, ಅಡಿಗೆ ನೋಡಿಕೊಳ್ಳುತ್ತಿದ್ದ ಅವಳಿಗೇ ಬಿಟ್ಟು ಹೋದನಂತೆ. ಅವಳು ಮತ್ತೆ ಮದುವೆಯ ಮಾತು ಎತ್ತಗೊಡಲಿಲ್ಲ. ಕೂದಲು ನರೆತವು, ಮೈ ತುಂಬಿತು. ಹೊಸದಾಗಿ ಬಂದವರು ಈಗ ಅವಳನ್ನೇ ಅಕ್ಕಾರು ಎನ್ನುತ್ತಿದ್ದರು.

ಕೊನೆಯ ಸಲ ಹೋದಾಗ ನಾನು ನಿವೃತ್ತನಾಗಿದ್ದೆ. ಮೇಲಿನ ಖೋಲಿಗಳನ್ನೆಲ್ಲ ಮುಚ್ಚಿಸಿದ್ದಳು. ಕೆಳಗೆ ಊಟ ಮಾತ್ರ ಇತ್ತು. ನನಗಾಗಿ ಪಡಸಾಲೆಯಲ್ಲಿ ಹೊರಸು ಹಾಕಿಸಿದಳು. ಎಲೆ ಅಡಿಕೆ ಮುಂದಿಟ್ಟುಕೊಂಡು ಸ್ವಲ್ಪ ಹೊತ್ತು ಕೂತೆವು. ನನ್ನ ಮಕ್ಕಳು ಏನು ಓದುತ್ತಿದ್ದಾರೆಂದು ಕೇಳಿದಳು. ಹೇಳಿದೆ. ಇತ್ತೀಚೆಗೆ ಬರುವ ಜನ ತಾಮ್ರದ ಚರಿಗೆಗಳನ್ನು ಚೀಲಕ್ಕೆ ಹಾಕಿಕೊಂಡು ಹೋಗುತ್ತಾರೆ, ಯಾರನ್ನು ನಂಬಬೇಕೋ ತಿಳಿಯದು ಎಂದು ದೂರಿದಳು. ಅಷ್ಟರಲ್ಲಿ ಗದಗದ ಗಾಡಿ ಬಂದ ಸದ್ದಾಯಿತು. ಊಟಕ್ಕೆ ಜನ ಬರುತ್ತಾರೆಂದು ಮೊಳಕಾಲು ಹಿಡಿದುಕೊಂಡು ಎದ್ದಳು.